‘ಗನ್‌ಜಿಪ್ ನಿಧಾನ’ ಎಂಬ ದೂರು ಬಂದಾಗ: ನೋಡ್ ಸರ್ವರ್‌ನ ಥ್ರೆಡ್ ಪೂಲ್ ತಪಾಸಣೆ

ಲ್ಯಾಪ್‌ಟಾಪ್‌ನಲ್ಲಿ 40 ಮಿಲಿಸೆಕೆಂಡ್‌ಗೆ ಮುಗಿಯುವ ಗನ್‌ಜಿಪ್ (ಗ್ಜಿಪ್ ರೂಪದಲ್ಲಿ ಒತ್ತಿದ ಡೇಟಾವನ್ನು ಬಿಚ್ಚುವ ಕೆಲಸ), ಲೋಡ್ ಏರಿದ ಹೊತ್ತಿಗೆ ಪ್ರೊಡಕ್ಷನ್‌ನಲ್ಲಿ ಎರಡು ಸೆಕೆಂಡ್ ಎಳೆಯುತ್ತದೆ. ಟ್ರೇಸ್ (ಯಾವ ಹಂತಕ್ಕೆ ಎಷ್ಟು ಸಮಯ ಹಿಡಿಯಿತು ಎಂಬ ದಾಖಲೆ) ನೋಡಿದ ತಕ್ಷಣ ಟೀಮಿನಲ್ಲಿ ಒಬ್ಬರು ಗ್ಜಿಪ್ ಬಿಟ್ಟು ಇನ್ನೊಂದು ಕಂಪ್ರೆಶನ್ ಫಾರ್ಮ್ಯಾಟ್ ಆದ ‘ಝಡ್‌ಸ್ಟ್ಯಾಂಡರ್ಡ್‌ಗೆ ಹೋಗೋಣ’ ಅಂತಾರೆ, ಇನ್ನೊಬ್ಬರು ‘ಕಳಿಸುವವರ ಕಡೆ ಕಂಪ್ರೆಶನ್ ಲೆವೆಲ್ ಇಳಿಸಿ’ ಅಂತಾರೆ. ಎರಡನೆಯದನ್ನು ಇಲ್ಲೇ ಬದಿಗಿಡಬಹುದು. ಗನ್‌ಜಿಪ್‌ಗೆ ತಗಲುವ ಸಮಯ ಬಹುಪಾಲು ಹೊರಬರುವ ಬೈಟ್‌ಗಳ ಲೆಕ್ಕದ ಮೇಲೆ ನಿಂತಿದೆ, ಕಳಿಸುವವರು ಯಾವ ಲೆವೆಲ್‌ನಲ್ಲಿ ಒತ್ತಿದ್ದಾರೆ ಎಂಬುದರ ಮೇಲಲ್ಲ. ಲೆವೆಲ್ ಇಳಿಸಿದರೆ ನೆಟ್‌ವರ್ಕ್‌ನಲ್ಲಿ ಹೆಚ್ಚು ಬೈಟ್ ಹರಿಯುತ್ತದೆ, ನಿಮ್ಮ ಸರ್ವರ್‌ಗೆ ಹೇಳಿಕೊಳ್ಳುವಂಥ ಲಾಭ ಇಲ್ಲ. ಮೊದಲನೆಯದು ಕೆಟ್ಟ ಸಲಹೆಯಲ್ಲ. ಆದರೆ ಆ ಎರಡು ಸೆಕೆಂಡಿನಲ್ಲಿ ಬಿಚ್ಚುವ ಕೆಲಸ ಎಷ್ಟು, ಕ್ಯೂನಲ್ಲಿ ನಿಂತದ್ದು ಎಷ್ಟು ಎಂದು ಬಿಡಿಸಿ ನೋಡುವವರೆಗೆ ಯಾವ ಮದ್ದೂ ಬೇಡ.

ಇಲ್ಲಿ ಬರೆದಿರುವುದು ನೋಡ್‌ಜೆಎಸ್ ಮತ್ತು ಲಿನಕ್ಸ್ ಕುರಿತು. ಜಾವಾ, ಡಾಟ್‌ನೆಟ್‌ನವರಿಗೆ ಬೇಕಾದ ಒಂದೆರಡು ಮಾತು ಕೊನೆಯ ಹೊತ್ತಿಗೆ ಬರುತ್ತದೆ.

ನಾಲ್ಕೇ ಥ್ರೆಡ್, ಎಲ್ಲರಿಗೂ ಅದೇ

ನೋಡ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್‌ನಲ್ಲಿ. ಅದರ ಹಿಂದೆ ನೋಡ್‌ನ ಒಳಗಿನ ಲೈಬ್ರರಿಯಾದ ಲಿಬ್‌ಯುವಿ ಒಂದು ಥ್ರೆಡ್ ಪೂಲ್ (ಕೆಲಸ ಹಂಚಿಕೊಳ್ಳುವ ಥ್ರೆಡ್‌ಗಳ ಗುಂಪು) ಇಟ್ಟುಕೊಂಡಿರುತ್ತದೆ. ಡೀಫಾಲ್ಟ್ ಗಾತ್ರ 4. ಸರ್ವರ್‌ಗೆ 4 ಕೋರ್ ಇರಲಿ, 64 ಇರಲಿ, ನೀವಾಗಿ ಬದಲಿಸದಿದ್ದರೆ 4. ಗನ್‌ಜಿಪ್ ಇರುವ ಜೆಡ್‌ಲಿಬ್ ಮಾಡ್ಯೂಲ್‌ನ ಅಸಿಂಕ್ ಕರೆಗಳೆಲ್ಲ ಈ ಪೂಲ್‌ಗೇ ಹೋಗುತ್ತವೆ. ಫೈಲ್ ಓದು-ಬರಹ, ಪಾಸ್‌ವರ್ಡ್ ಹ್ಯಾಶ್‌ಗೆ ಬಳಸುವ ಎಸ್‌ಕ್ರಿಪ್ಟ್ (scrypt) ಮತ್ತು ಪಿಬಿಕೆಡಿಎಫ್2, ಕಾಲ್‌ಬ್ಯಾಕ್ ಕೊಟ್ಟು ಕರೆಯುವ ರ್‍ಯಾಂಡಮ್‌ಬೈಟ್ಸ್, ಮತ್ತು ಬಹಳ ಜನ ಮರೆಯುವ ಡಿಎನ್‌ಎಸ್ ಲುಕಪ್ (ಹೋಸ್ಟ್‌ನೇಮ್‌ನಿಂದ ಐಪಿ ವಿಳಾಸ ಹುಡುಕುವುದು) ಕೂಡ ಅಲ್ಲಿಗೇ. ಹೊರಗಿನ ಸೇವೆಗೆ ಹೋಸ್ಟ್‌ನೇಮ್ ಕೊಟ್ಟು ಎಚ್‌ಟಿಟಿಪಿ ಕರೆ ಮಾಡಿದರೆ, ಸಾಕೆಟ್ ತೆರೆಯುವ ಮೊದಲೇ ಆ ಕರೆ ಇದೇ ನಾಲ್ಕು ಥ್ರೆಡ್‌ಗಳ ಮುಂದೆ ನಿಂತಿರುತ್ತದೆ.

ಇನ್ನೊಂದು ನಿಯಮ ಒಳಗೆ ಅಡಗಿದೆ. ಡಿಎನ್‌ಎಸ್ ಲುಕಪ್ಪನ್ನು ಲಿಬ್‌ಯುವಿ ‘ನಿಧಾನದ ಕೆಲಸ’ ಎಂದು ಗುರುತಿಸಿ, ಪೂಲ್‌ನ ಅರ್ಧಕ್ಕಿಂತ ಹೆಚ್ಚು ಥ್ರೆಡ್‌ಗಳನ್ನು ಅದು ಆಕ್ರಮಿಸದಂತೆ ತಡೆಯುತ್ತದೆ. ನಾಲ್ಕು ಥ್ರೆಡ್ ಇದ್ದರೆ ಏಕಕಾಲಕ್ಕೆ ಎರಡೇ ಲುಕಪ್. ಜೆಡ್‌ಲಿಬ್‌ಗೆ ಅಂಥ ಮಿತಿ ಇಲ್ಲ, ಅದು ನಾಲ್ಕನ್ನೂ ಹಿಡಿಯಬಹುದು. ಫೈಲ್ ಕೆಲಸಗಳೂ ಹಾಗೆಯೇ.

ಹೀಗಾಗಿ ದೋಷ ಎರಡೂ ದಿಕ್ಕಿಗೆ ಹರಿಯುತ್ತದೆ. ಗನ್‌ಜಿಪ್ ತುಂಬಿಕೊಂಡರೆ ಲಾಗಿನ್ ನಿಧಾನವಾಗಬಹುದು, ಪೇಮೆಂಟ್ ಸೇವೆಗೆ ಮಾಡುವ ಕರೆ ಟೈಮ್‌ಔಟ್ ಆಗಬಹುದು. ಡಿಎನ್‌ಎಸ್ ಸರ್ವರ್ ಕೈಕೊಟ್ಟರೆ ಎರಡು ಥ್ರೆಡ್ ಅಲ್ಲೇ ಸಿಕ್ಕಿಕೊಂಡು ಗನ್‌ಜಿಪ್‌ಗೆ ಅರ್ಧ ಪೂಲ್ ಮಾತ್ರ ಉಳಿಯುತ್ತದೆ. ಲಿನಕ್ಸ್‌ನ ರಿಸಾಲ್ವರ್ ಒಂದು ಸರ್ವರ್‌ನಿಂದ ಉತ್ತರಕ್ಕೆ ಡೀಫಾಲ್ಟ್ ಆಗಿ 5 ಸೆಕೆಂಡ್ ಕಾಯುತ್ತದೆ, ಎರಡು ಸುತ್ತು ಪ್ರಯತ್ನಿಸುತ್ತದೆ. ಎನ್‌ಎಫ್‌ಎಸ್ ಮೌಂಟ್ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್) ತೊದಲಿದರಂತೂ ನಾಲ್ಕೂ ಥ್ರೆಡ್ ಡಿಸ್ಕ್ ಕಾಯುತ್ತ ಕೂರುತ್ತವೆ. ಆಗ ಟ್ರೇಸ್‌ನಲ್ಲಿ ‘ಗನ್‌ಜಿಪ್ 2 ಸೆಕೆಂಡ್’ ಎಂದೇ ಕಾಣುತ್ತದೆ, ಗನ್‌ಜಿಪ್ ಒಂದು ಬೈಟ್ ಕೂಡ ಮುಟ್ಟಿರುವುದಿಲ್ಲ.

ಡ್ಯಾಶ್‌ಬೋರ್ಡ್ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. 32 ಕೋರ್ ಯಂತ್ರದಲ್ಲಿ ಪೂಲ್‌ನ ನಾಲ್ಕು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಸಿಪಿಯು ಶೇ. 12.5. ‘ಸಿಪಿಯು ಖಾಲಿ ಇದೆ, ಹಾಗಾದರೆ ನೆಟ್‌ವರ್ಕ್ ಸಮಸ್ಯೆ’ ಎಂದು ಟಿಕೆಟ್ ಅಲ್ಲಿಂದಿಲ್ಲಿಗೆ ಅಲೆಯುವುದು ಇದೇ ಕಾರಣಕ್ಕೆ.

ಕ್ಯೂ ಎಷ್ಟು ಉದ್ದ ಇದೆ ಎಂದು ತಿಳಿಯುವುದು ಹೇಗೆ

ಲಿಬ್‌ಯುವಿ ತನ್ನ ಕ್ಯೂ ಉದ್ದವನ್ನು ಹೊರಗೆ ತೋರಿಸುವುದಿಲ್ಲ. ಅದಕ್ಕೆ ಒಂದು ತನಿಖಾ ಕೆಲಸವನ್ನು ನಾವೇ ಕಳಿಸಬೇಕು. ಸೆಕೆಂಡಿಗೊಮ್ಮೆ 8 ಬೈಟ್‌ನ ರ್‍ಯಾಂಡಮ್‌ಬೈಟ್ಸ್ ಅನ್ನು ಕಾಲ್‌ಬ್ಯಾಕ್ ರೂಪದಲ್ಲಿ ಕರೆದು, ಕರೆದ ಕ್ಷಣದಿಂದ ಕಾಲ್‌ಬ್ಯಾಕ್ ಬಂದ ಕ್ಷಣದವರೆಗಿನ ಸಮಯವನ್ನು ಮೆಟ್ರಿಕ್ ಆಗಿ ಬರೆಯಿರಿ. ಆ ಕೆಲಸ ತಾನಾಗಿ ಕೆಲವೇ ಮೈಕ್ರೋಸೆಕೆಂಡ್‌ನದು. ಅಳತೆ 1 ಮಿಲಿಸೆಕೆಂಡ್ ದಾಟಿದರೆ ಮಿಕ್ಕದ್ದೆಲ್ಲ ಕಾಯುವಿಕೆ.

ಎಲ್ಲಿ ಕಾಯುವಿಕೆ ಎಂಬುದು ಮುಂದಿನ ಪ್ರಶ್ನೆ. ಕಾಲ್‌ಬ್ಯಾಕ್ ಮರಳಿ ಬರುವುದು ಮುಖ್ಯ ಥ್ರೆಡ್‌ಗೆ, ಅದು ಬೇರೆ ಕೆಲಸದಲ್ಲಿ ಮುಳುಗಿದ್ದರೂ ಅಳತೆ ಏರುತ್ತದೆ. ಆದ್ದರಿಂದ ಪಕ್ಕದಲ್ಲೇ ಇವೆಂಟ್ ಲೂಪ್ (ಮುಖ್ಯ ಥ್ರೆಡ್ ಕೆಲಸಗಳನ್ನು ಸರದಿಯಲ್ಲಿ ನಡೆಸುವ ಸುತ್ತು) ವಿಳಂಬದ ಗ್ರಾಫ್ ಇರಲಿ. ಪರ್ಫ್ ಹುಕ್ಸ್ ಮಾಡ್ಯೂಲ್‌ನ ಮಾನಿಟರ್‌ಇವೆಂಟ್‌ಲೂಪ್‌ಡಿಲೇ ಸಾಕು. ಅದರ ಡೀಫಾಲ್ಟ್ ರೆಸಲ್ಯೂಶನ್ 10 ಮಿಲಿಸೆಕೆಂಡ್ ಆದ್ದರಿಂದ ಆರೋಗ್ಯವಾಗಿರುವ ಪ್ರಾಸೆಸ್‌ನಲ್ಲೂ 10ರ ಆಸುಪಾಸಿನ ಸಂಖ್ಯೆ ಕಾಣುತ್ತದೆ. ಹೊಸಬರು ಅದನ್ನು ನೋಡಿ ಗಾಬರಿಯಾಗುವುದುಂಟು. ಎರಡೂ ಗ್ರಾಫ್ ಜೊತೆಯಲ್ಲೇ ಏರಿದರೆ ತಡೆ ಮುಖ್ಯ ಥ್ರೆಡ್‌ನಲ್ಲಿದೆ: ದೊಡ್ಡ ಜೇಸನ್ ಪಾರ್ಸ್, ಸಿಂಕ್ ಕರೆ, ಗಾರ್ಬೇಜ್ ಕಲೆಕ್ಷನ್, ಅಥವಾ ಮುಂದೆ ಹೇಳುವ ತುಂಡುಗಳ ಕಾಟ. ತನಿಖಾ ಗ್ರಾಫ್ ಮಾತ್ರ ಏರಿ ಇವೆಂಟ್ ಲೂಪ್ ತಣ್ಣಗಿದ್ದರೆ ಪೂಲ್ ಕಟ್ಟಿಕೊಂಡಿದೆ. ಎರಡೂ ತಣ್ಣಗಿದ್ದು ಗನ್‌ಜಿಪ್ ಸ್ಪ್ಯಾನ್ (ಟ್ರೇಸ್‌ನಲ್ಲಿ ಆ ಹಂತದ ಪಟ್ಟಿ) ಮಾತ್ರ ಉದ್ದವಿದ್ದರೆ, ಬಾಡಿಯೇ (ಎಚ್‌ಟಿಟಿಪಿ ವಿನಂತಿಯಲ್ಲಿ ಬರುವ ಡೇಟಾ) ನಿಧಾನವಾಗಿ ಬರುತ್ತಿದೆ ಎಂದರ್ಥ. ಮೊಬೈಲ್ ನೆಟ್‌ವರ್ಕ್‌ನಿಂದ ತೊಟ್ಟಿಕ್ಕುವ ಅಪ್‌ಲೋಡ್‌ಗಳಲ್ಲಿ ಇದು ಸಾಮಾನ್ಯ, ಸ್ಟ್ರೀಮ್ ಸ್ಪ್ಯಾನ್ ನೆಟ್‌ವರ್ಕ್ ಕಾಯುವಿಕೆಯನ್ನೂ ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ.

ಪೂಲ್ ಕಟ್ಟಿಕೊಂಡಿದೆ ಎಂದು ಗೊತ್ತಾದ ಮೇಲೆ ಯಾರು ಕಟ್ಟಿದ್ದು ಎಂದು ನೋಡಬೇಕು. ಟಾಪ್ ಆದೇಶವನ್ನು ದೊಡ್ಡಕ್ಷರದ ಎಚ್ ಆಯ್ಕೆ ಕೊಟ್ಟು ಆ ಪ್ರಾಸೆಸ್‌ನ ಮೇಲೆ ಓಡಿಸಿ, ಥ್ರೆಡ್‌ಗಳು ಒಂದೊಂದಾಗಿ ಕಾಣುತ್ತವೆ. ಪೂಲ್‌ನ ಥ್ರೆಡ್‌ಗಳು ಆರ್ (ಓಡುತ್ತಿರುವ) ಸ್ಥಿತಿಯಲ್ಲಿ ಶೇ. 100ರ ಹತ್ತಿರ ಇದ್ದರೆ ನಿಜವಾದ ಸಿಪಿಯು ಕೆಲಸ. ಯಾವ ಫಂಕ್ಷನ್ ಸಿಪಿಯು ತಿನ್ನುತ್ತಿದೆ ಎಂದು ತೋರಿಸುವ ಪರ್ಫ್ ಟಾಪ್ ಹಾಕಿದರೆ ಹೆಸರಿನಲ್ಲಿ ಇನ್‌ಫ್ಲೇಟ್ ಇರುವ ಫಂಕ್ಷನ್‌ಗಳು ಮೇಲೆ ಬಂದಿರುತ್ತವೆ. ಡಿಫ್ಲೇಟ್ ಎಂದಿದ್ದರೆ ಅಪರಾಧಿ ಬಿಚ್ಚುವ ಕಡೆ ಇಲ್ಲ, ನಿಮ್ಮದೇ ಉತ್ತರಗಳನ್ನು ಗನ್‌ಜಿಪ್‌ಗಿಂತ ಎಷ್ಟೋ ದುಬಾರಿಯಾಗಿ ಕಂಪ್ರೆಸ್ ಮಾಡುತ್ತಿರುವ ಮಿಡಲ್‌ವೇರ್ ಅದು. ಡಿ (ಎಬ್ಬಿಸಲಾಗದ ಕಾಯುವಿಕೆ) ಸ್ಥಿತಿ ಕಂಡರೆ ಡಿಸ್ಕ್ ಅಥವಾ ಎನ್‌ಎಫ್‌ಎಸ್. ಎಸ್ (ಮಲಗಿರುವ) ಸ್ಥಿತಿಯಲ್ಲಿ ಸಿಪಿಯು ಸೊನ್ನೆ, ಆದರೂ ತನಿಖಾ ಗ್ರಾಫ್ ಏರಿದೆ ಎಂದರೆ ಒಮ್ಮೆ ಜಿಡಿಬಿ ಡೀಬಗರ್‌ನಿಂದ ಸ್ಟ್ಯಾಕ್ ತೆಗೆಯಿರಿ. ಕೆಲಸವಿಲ್ಲದ ಥ್ರೆಡ್ ಕಂಡೀಷನ್ ವೇರಿಯಬಲ್‌ನ ಮೇಲೆ ಮಲಗಿರುತ್ತದೆ, ಡಿಎನ್‌ಎಸ್‌ನಲ್ಲಿ ಸಿಕ್ಕಿಬಿದ್ದ ಥ್ರೆಡ್‌ನ ಸ್ಟ್ಯಾಕ್‌ನಲ್ಲಿ ಗೆಟ್‌ಅಡ್ರ್‌ಇನ್ಫೋ ಎಂಬ ಹೆಸರು ಎದ್ದು ಕಾಣುತ್ತದೆ.

ಊಹೆ ಸರಿಯೇ ಎಂದು ಒರೆಗೆ ಹಚ್ಚಲು ಒಂದು ಒರಟು ಪರೀಕ್ಷೆ ಇದೆ, ನನಗೆ ಅಚ್ಚುಮೆಚ್ಚು. ಸ್ಟೇಜಿಂಗ್‌ನಲ್ಲಿ ಪೂಲ್ ಗಾತ್ರವನ್ನು 1ಕ್ಕೆ ಇಳಿಸಿ ಅದೇ ಲೋಡ್ ಕೊಡಿ. ಪೂಲ್ ಕಾರಣವಾಗಿದ್ದರೆ ತೊಂದರೆ ಹಲವು ಪಟ್ಟು ಹಿಗ್ಗುತ್ತದೆ. ಏನೂ ವ್ಯತ್ಯಾಸ ಬರದಿದ್ದರೆ ಪೂಲ್ ಬಿಟ್ಟು ಬೇರೆ ಕಡೆ ಹುಡುಕಿ. ಗಾತ್ರ ಹೆಚ್ಚಿಸಿ ನೋಡುವುದಕ್ಕಿಂತ ಇದು ಸ್ಪಷ್ಟ ಉತ್ತರ ಕೊಡುತ್ತದೆ.

ಕೋಡ್‌ನಲ್ಲಿ ‘ಗನ್‌ಜಿಪ್’ ಎಂದು ಹುಡುಕಿ ಏನೂ ಸಿಗದೆ ‘ನಾವು ಬಳಸೋದೇ ಇಲ್ಲ’ ಎಂದವರಿದ್ದಾರೆ. ಎಕ್ಸ್‌ಪ್ರೆಸ್‌ನ ಬಾಡಿ ಪಾರ್ಸರ್ ಕಂಪ್ರೆಸ್ ಆದ ಬಾಡಿಯನ್ನು ತಾನಾಗಿ ಬಿಚ್ಚುತ್ತದೆ. ಆಕ್ಸಿಯೋಸ್ ಮತ್ತು ನೋಡ್‌ನ ಫೆಚ್ ಉತ್ತರಗಳನ್ನು ತಾವಾಗಿಯೇ ಬಿಚ್ಚುತ್ತವೆ. ಒಂದೇ ಡೇಟಾ ಸೆಂಟರ್‌ನೊಳಗೆ, ಪಕ್ಕದ ರ್‍ಯಾಕ್‌ನ ಸೇವೆಯೊಂದಿಗೆ ಮಾತಾಡುವಾಗ ಕಂಪ್ರೆಶನ್ ಇಡುವುದು ಹೆಚ್ಚಿನ ಸಲ ಸಿಪಿಯು ದಂಡ. ಅಂಥ ಕರೆಗಳಲ್ಲಿ ಅಕ್ಸೆಪ್ಟ್-ಎನ್‌ಕೋಡಿಂಗ್ ಹೆಡರ್‌ಗೆ ‘ಐಡೆಂಟಿಟಿ’ (ಕಂಪ್ರೆಸ್ ಮಾಡದೆ ಕಳಿಸಿ) ಎಂದು ಕೊಟ್ಟು ನೋಡಿ, ಕೆಲವೊಮ್ಮೆ ದೂರು ಅಲ್ಲಿಗೇ ಮುಗಿಯುತ್ತದೆ.

ತುಂಡಿನ ಲೆಕ್ಕ

ಸಾಮಾನ್ಯವಾಗಿ ಯಾರೂ ನೋಡದ ಜಾಗ ಇದು, ಹೆಚ್ಚಿನ ಲಾಭ ಇರುವುದೂ ಇಲ್ಲೇ. ನೋಡ್‌ನಲ್ಲಿ ಗನ್‌ಜಿಪ್ ಒಂದು ಇಡೀ ಕೆಲಸವಾಗಿ ಪೂಲ್‌ಗೆ ಹೋಗುವುದಿಲ್ಲ. ಔಟ್‌ಪುಟ್ ಬಫರ್ ಡೀಫಾಲ್ಟ್ ಆಗಿ 16 ಕೆಬಿ. ಅದು ತುಂಬಿದ ಕೂಡಲೇ ಕೆಲಸ ಮುಖ್ಯ ಥ್ರೆಡ್‌ಗೆ ಮರಳಿ, ಇನ್ನೂ ಉಳಿದಿದ್ದರೆ ಹೊಸದಾಗಿ ಕ್ಯೂನ ಕೊನೆಗೆ ಹೋಗಿ ನಿಲ್ಲುತ್ತದೆ. ಬ್ಯಾಂಕಿನಲ್ಲಿ ಚೆಕ್‌ಬುಕ್‌ನ ಪ್ರತಿ ಹಾಳೆಗೂ ಹೊಸ ಟೋಕನ್ ತೆಗೆದುಕೊಂಡ ಹಾಗೆ. ಸ್ಟ್ರೀಮ್ ಆಗಿ ಬಳಸಿದರೂ ಅಷ್ಟೆ, ಒಂದೇ ಕರೆಯಲ್ಲಿ ಇಡೀ ಬಫರ್ ಕೊಟ್ಟರೂ ಅಷ್ಟೆ. ಬಿಚ್ಚಿದಾಗ 10 ಎಂಬಿ ಆಗುವ ಬಾಡಿಗೆ 640 ಸುತ್ತು.

ಲೆಕ್ಕಕ್ಕೆಂದು ಒಂದು ತುಂಡಿಗೆ 60 ಮೈಕ್ರೋಸೆಕೆಂಡ್ ಕೆಲಸ ಎಂದಿಟ್ಟುಕೊಳ್ಳಿ. ಸರ್ವರ್ ಖಾಲಿ ಇದ್ದಾಗ ಆ ಬಾಡಿ ಸುಮಾರು 38 ಮಿಲಿಸೆಕೆಂಡ್‌ಗೆ ಬಿಚ್ಚುತ್ತದೆ. ಈಗ ಅಂಥದ್ದೇ 200 ಬಾಡಿ ಒಟ್ಟಿಗೆ ಬಂದವು. ಗಂಟೆ ಹೊಡೆದ ಕೂಡಲೇ ಎಲ್ಲ ಸಾಧನಗಳೂ ಲಾಗ್ ಕಳಿಸುವ ವ್ಯವಸ್ಥೆಗಳಲ್ಲಿ ಇದು ದಿನನಿತ್ಯದ ಕಥೆ. ಒಂದೊಂದು ಸ್ಟ್ರೀಮ್‌ನಿಂದ ಒಂದು ತುಂಡು ಕ್ಯೂನಲ್ಲಿ, ನಾಲ್ಕು ಥ್ರೆಡ್. ಪ್ರತಿ ತುಂಡು 50 ತುಂಡುಗಳ ಕಾಲ, ಅಂದರೆ 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 640 ಸುತ್ತಿಗೆ 1.92 ಸೆಕೆಂಡ್. ಟ್ರೇಸ್‌ನಲ್ಲಿ ಕಂಡ ಆ ಎರಡು ಸೆಕೆಂಡ್ ಇದೇ, ಅದರಲ್ಲಿ ನಿಜವಾದ ಕೆಲಸ ಶೇ. 2. ಎಲ್ಲರಿಗೂ ಸಮಾನವಾಗಿ ಹಂಚಿದ್ದರಿಂದ 200 ಬಾಡಿಗಳೂ ಹೆಚ್ಚುಕಡಿಮೆ ಒಟ್ಟಿಗೇ, ಒಟ್ಟಿಗೇ ತಡವಾಗಿ ಮುಗಿಯುತ್ತವೆ.

ಅದೇ ನಾಲ್ಕು ಥ್ರೆಡ್‌ಗೆ ಒಮ್ಮೆಗೆ ನಾಲ್ಕೇ ಬಾಡಿ ಬಿಟ್ಟು ಉಳಿದವನ್ನು ನಿಮ್ಮದೇ ಕ್ಯೂನಲ್ಲಿ ಹಿಡಿದರೆ? ಮೊದಲ ನಾಲ್ಕು 38 ಮಿಲಿಸೆಕೆಂಡ್‌ಗೆ ಹೊರಬೀಳುತ್ತವೆ, ಕೊನೆಯವು ಆಗಲೂ 1.92 ಸೆಕೆಂಡ್‌ಗೆ. ಸರಾಸರಿ ಮಾತ್ರ ಒಂದು ಸೆಕೆಂಡ್‌ಗೆ ಇಳಿಯುತ್ತದೆ. ಒಂದು ಕೋರ್ ಕೂಡ ಹೆಚ್ಚಿಸದೆ, ಫಾರ್ಮ್ಯಾಟ್ ಮುಟ್ಟದೆ ಅರ್ಧ ಲಾಭ. ಏಕಕಾಲಕ್ಕೆ ಬಿಚ್ಚುವ ಬಾಡಿಗಳಿಗೆ ಮಿತಿ ಹಾಕಿ ಎಂದು ಮೊದಲು ಹೇಳುವುದು ಅದಕ್ಕೇ. ಮಿತಿ ಪೂಲ್ ಗಾತ್ರಕ್ಕಿಂತ ಒಂದೆರಡು ಕಡಿಮೆ ಇರಲಿ, ಡಿಎನ್‌ಎಸ್‌ಗೂ ಫೈಲ್‌ಗೂ ಉಸಿರಾಡಲು ಜಾಗ ಬೇಕು. ಮಿತಿಯ ಹೊರಗೆ ಕಾಯುವವರ ಸಂಖ್ಯೆಯನ್ನು ಮೆಟ್ರಿಕ್ ಮಾಡಿ. ಅದು ಒಂದು ಗಡಿ ದಾಟಿದರೆ 503 (ಈಗ ಸೇವೆ ಲಭ್ಯವಿಲ್ಲ) ಕೊಟ್ಟು ಕಳಿಸುವುದು, ಬಾಡಿಯನ್ನು ಮೆಮೊರಿಯಲ್ಲಿ ರಾಶಿ ಹಾಕಿಕೊಳ್ಳುವುದಕ್ಕಿಂತ ಮೇಲು.

ಇನ್ನು ಮುಖ್ಯ ಥ್ರೆಡ್. ಆ 200 ಬಾಡಿಗೆ ಒಟ್ಟು 1,28,000 ಕಾಲ್‌ಬ್ಯಾಕ್. ಒಂದಕ್ಕೆ 10 ಮೈಕ್ರೋಸೆಕೆಂಡ್ ಹಿಡಿದರೂ 1.28 ಸೆಕೆಂಡ್ ಬರೀ ಓಡಾಟಕ್ಕೆ ಹೋಯಿತು. ತನಿಖಾ ಗ್ರಾಫ್ ಮತ್ತು ಇವೆಂಟ್ ಲೂಪ್ ಗ್ರಾಫ್ ಎರಡೂ ಏರಿ, ಸಿಪಿಯು ಪ್ರೊಫೈಲ್‌ನಲ್ಲಿ ಜೆಡ್‌ಲಿಬ್‌ನ ಪ್ರಾಸೆಸ್‌ಕಾಲ್‌ಬ್ಯಾಕ್ ಮೇಲೆ ತೇಲಿದರೆ ಇದೇ ರೋಗ. ಔಟ್‌ಪುಟ್ ಬಫರ್‌ನ ಗಾತ್ರ ನಿಗದಿ ಮಾಡುವ ಚಂಕ್‌ಸೈಜ್ ಆಯ್ಕೆಯನ್ನು 128 ಕೆಬಿಗೆ ಏರಿಸಿದರೆ 640 ಸುತ್ತು 80ಕ್ಕೆ ಇಳಿಯುತ್ತದೆ.

ಇದಕ್ಕೆ ಬೆಲೆ ಇದೆ. ತುಂಡು ದೊಡ್ಡದಾದಷ್ಟೂ ಕ್ಯೂನಲ್ಲಿರುವ ಬೇರೆಯವರು ಹೆಚ್ಚು ಕಾಯಬೇಕು. ಮೇಲಿನ ಲೆಕ್ಕದಲ್ಲಿ 16 ಕೆಬಿ ತುಂಡಿನ ಹಿಂದೆ ಡಿಎನ್‌ಎಸ್ ಲುಕಪ್ 3 ಮಿಲಿಸೆಕೆಂಡ್ ಕಾದರೆ, 128 ಕೆಬಿ ತುಂಡಿನ ಹಿಂದೆ 24 ಮಿಲಿಸೆಕೆಂಡ್ ಕಾಯುತ್ತದೆ. ಮಿತಿ ಹಾಕದೆ ಬರೀ ಚಂಕ್‌ಸೈಜ್ ಏರಿಸಿದವರು ‘ಗನ್‌ಜಿಪ್ ಸರಿಹೋಯಿತು, ಈಗ ಹೊರಗಿನ ಕರೆಗಳು ನಿಧಾನ’ ಎನ್ನುವುದು ಇದರಿಂದ. ಮಿತಿ ಮೊದಲು, ಚಂಕ್‌ಸೈಜ್ ಆಮೇಲೆ. 2 ಕೆಬಿ ಬಾಡಿಗಳಿಗೂ 128 ಕೆಬಿ ಬಫರ್ ಕಾದಿರಿಸುವುದು ಮೆಮೊರಿ ದಂಡ, ಅದೂ ನೆನಪಿರಲಿ.

ಒಳಬರುವ ಕಡೆಯೂ ಇದೇ ತೊಂದರೆ. ಸ್ಟ್ರೀಮ್‌ಗೆ ನೆಟ್‌ವರ್ಕ್‌ನಿಂದ ಬಂದ ಪ್ರತಿ ತುಣುಕೂ ಪೂಲ್‌ಗೆ ಒಂದು ಸುತ್ತು. ನಿಧಾನದ ಸಂಪರ್ಕದಿಂದ ಸಾವಿರ-ಸಾವಿರದೈನೂರು ಬೈಟ್‌ಗಳ ಚೂರುಗಳು ಬಂದರೆ ಪ್ರತಿ ಚೂರಿಗೂ ಪ್ರಯಾಣ. ಕಂಪ್ರೆಸ್ ಆದ ಬಾಡಿ 64 ಕೆಬಿ ಒಳಗಿದ್ದರೆ ಪೂರ್ತಿ ಸೇರಿಸಿಕೊಂಡು ಒಂದೇ ಸಲ ಕೊಡುವುದು ಒಳ್ಳೆಯದು.

ಪೂಲ್ ದೊಡ್ಡದು ಮಾಡುವ ಮುನ್ನ

ಕೋರ್ ಖಾಲಿ ಇದ್ದರೆ ದೊಡ್ಡದು ಮಾಡಿ, ತಪ್ಪೇನಿಲ್ಲ. ಯುವಿ ಥ್ರೆಡ್‌ಪೂಲ್ ಸೈಜ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್, ಗರಿಷ್ಠ 1024. ಇದನ್ನು ಪ್ರಾಸೆಸ್ ಶುರುವಾಗುವ ಮೊದಲೇ, ಕಂಟೇನರ್ ಅಥವಾ ಸಿಸ್ಟಮ್‌ಡಿ ಕಾನ್ಫಿಗರೇಶನ್‌ನಲ್ಲಿ ಇಡಬೇಕು. ಕೋಡ್‌ನ ಮೊದಲ ಸಾಲಿನಲ್ಲಿ ಪ್ರಾಸೆಸ್ ಎನ್ವ್‌ಗೆ ಬರೆದರೆ ಕೆಲಸ ಮಾಡುತ್ತದೆಂಬ ಖಾತ್ರಿ ಇಲ್ಲ, ಅಷ್ಟರಲ್ಲಿ ಪೂಲ್ ಹುಟ್ಟಿರಬಹುದು.

ಕಂಟೇನರ್‌ನಲ್ಲಿ ಜಾಗ್ರತೆ ಬೇಕು. ಪಾಡ್‌ಗೆ (ಕುಬರ್ನೆಟಿಸ್‌ನಲ್ಲಿ ಕಂಟೇನರ್ ಓಡುವ ಘಟಕ) 2 ಸಿಪಿಯು ಮಿತಿ ಎಂದರೆ ಕರ್ನಲ್ ಪ್ರತಿ 100 ಮಿಲಿಸೆಕೆಂಡ್‌ಗೆ 200 ಮಿಲಿಸೆಕೆಂಡ್ ಸಿಪಿಯು ಸಮಯ ಕೊಡುತ್ತದೆ. ದೊಡ್ಡ ಹೋಸ್ಟ್‌ನಲ್ಲಿ 16 ಥ್ರೆಡ್ ಒಟ್ಟಿಗೆ ಬಿಚ್ಚಲು ಕೂತರೆ ಆ ಪಾಲು 12.5 ಮಿಲಿಸೆಕೆಂಡ್‌ನಲ್ಲೇ ಖಾಲಿ. ಉಳಿದ 87.5 ಮಿಲಿಸೆಕೆಂಡ್ ಇಡೀ ಪ್ರಾಸೆಸ್ ಕಲ್ಲಾಗಿ ನಿಲ್ಲುತ್ತದೆ, ಮುಖ್ಯ ಥ್ರೆಡ್ ಸಮೇತ, ಹೆಲ್ತ್ ಚೆಕ್ ಸಮೇತ. ಈ ಮಿತಿಯನ್ನು ಜಾರಿ ಮಾಡುವ ಸಿಗ್ರೂಪ್‌ನ ಸಿಪಿಯು ಸ್ಟ್ಯಾಟ್ ಫೈಲ್‌ನಲ್ಲಿ ಎನ್‌ಆರ್ ಥ್ರಾಟಲ್ಡ್ (ಹೀಗೆ ಎಷ್ಟು ಸಲ ತಡೆದರು ಎಂಬ) ಸಂಖ್ಯೆ ಓಡುತ್ತಿದೆಯೇ ನೋಡಿ. ಓಡುತ್ತಿದ್ದರೆ ಪೂಲ್ ಹಿಗ್ಗಿಸುವುದು ಬೆಂಕಿಗೆ ತುಪ್ಪ. ಓಎಸ್ ಮಾಡ್ಯೂಲ್‌ನ ಸಿಪಿಯೂಸ್ ಕರೆ ಹೋಸ್ಟ್‌ನ ಕೋರ್‌ಗಳನ್ನೆಲ್ಲ ಎಣಿಸಿ ಕೊಡುತ್ತದೆ, ಪಾಡ್‌ನ ಮಿತಿಯನ್ನಲ್ಲ. ಅದನ್ನು ನೋಡಿ ಗಾತ್ರ ನಿರ್ಧರಿಸುವ ಸ್ಕ್ರಿಪ್ಟ್‌ಗಳು ಹೀಗೇ ಎಡವುತ್ತವೆ.

ವರ್ಕರ್ ಥ್ರೆಡ್‌ಗೆ ಸಾಗಿಸಿದರೆ ಹೊಸ ಪೂಲ್ ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. ಸಿಗುವುದಿಲ್ಲ. ಲಿಬ್‌ಯುವಿ ಪೂಲ್ ಇಡೀ ಪ್ರಾಸೆಸ್‌ಗೆ ಒಂದೇ, ವರ್ಕರ್ ಒಳಗಿನ ಅಸಿಂಕ್ ಗನ್‌ಜಿಪ್ ಕೂಡ ಅದೇ ಕ್ಯೂಗೆ ಬರುತ್ತದೆ. ವರ್ಕರ್ ಬಳಸುವುದಾದರೆ ಅದರೊಳಗೆ ಗನ್‌ಜಿಪ್‌ಸಿಂಕ್ ಕರೆಯಿರಿ, ಆಗ ಕೆಲಸ ವರ್ಕರ್‌ನದೇ ಥ್ರೆಡ್‌ನಲ್ಲಿ ನಡೆದು ಪೂಲ್ ಮುಟ್ಟುವುದಿಲ್ಲ, ಸುತ್ತುಗಳ ಗೋಜೂ ಇಲ್ಲ. ದೊಡ್ಡ ಬಾಡಿಗಳಿಗೆ ನಾನು ಆರಿಸುವುದು ಇದನ್ನೇ. ಕ್ಲಸ್ಟರ್ ಪ್ರಾಸೆಸ್‌ಗಳಿಗೆ ಮಾತ್ರ ಒಂದೊಂದಕ್ಕೂ ಸ್ವಂತ ಪೂಲ್.

ಕೆಲವೇ ಕೆಬಿಯ ಬಾಡಿಗಳಿಗೆ ಮುಖ್ಯ ಥ್ರೆಡ್‌ನಲ್ಲೇ ಸಿಂಕ್ ಕರೆ ಮಾಡುವುದು ಪೂಲ್‌ಗೆ ಹೋಗಿ ಬರುವುದಕ್ಕಿಂತ ಅಗ್ಗ ಬೀಳುತ್ತದೆ. ‘ಸಿಂಕ್ ಎಂದರೆ ಪಾಪ’ ಎಂಬ ಮಡಿ ಇಲ್ಲಿ ಬೇಡ. ಆದರೆ ಹೊರಬರುವ ಗಾತ್ರಕ್ಕೆ ಮಿತಿ ಹಾಕುವ ಮ್ಯಾಕ್ಸ್‌ಔಟ್‌ಪುಟ್‌ಲೆಂತ್ ಕೊಡದೆ ಹಾಗೆ ಕರೆಯಬೇಡಿ. ಗ್ಜಿಪ್ ಒಳಗೆ ಬಳಸುವ ಡಿಫ್ಲೇಟ್ ವಿಧಾನದ ಗರಿಷ್ಠ ಅನುಪಾತ ಸುಮಾರು 1032ಕ್ಕೆ 1, ಒಂದು ಎಂಬಿಯ ಕಿಡಿಗೇಡಿ ಬಾಡಿ ಒಂದು ಜಿಬಿ ಆಗಬಲ್ಲದು. ಗ್ಜಿಪ್ ಫೈಲ್‌ನ ಕೊನೆಯ ನಾಲ್ಕು ಬೈಟ್‌ನಲ್ಲಿ ಮೂಲ ಗಾತ್ರ ಬರೆದಿರುತ್ತದೆ ನಿಜ, ಬರೆದವರು ಕಳಿಸಿದವರೇ ಆದ್ದರಿಂದ ನಂಬುವಂತಿಲ್ಲ. ಸ್ಟ್ರೀಮ್ ಬಳಸುವಾಗ ಹೊರಬಂದ ಬೈಟ್‌ಗಳನ್ನು ನೀವೇ ಎಣಿಸಿ, ಮಿತಿ ದಾಟಿದ ಕೂಡಲೇ ಸ್ಟ್ರೀಮ್ ಮುರಿಯಿರಿ.

ಡಿಎನ್‌ಎಸ್ ಕಡೆಯ ಮದ್ದು ಸುಲಭ. ತೆರೆದ ಸಂಪರ್ಕವನ್ನೇ ಮತ್ತೆ ಬಳಸುವ ಕೀಪ್‌ಅಲೈವ್ ಏಜೆಂಟ್ ಇದ್ದರೆ ಲುಕಪ್‌ಗಳೇ ಕಡಿಮೆ. ನೋಡ್ 19ರಿಂದ ಇದು ಡೀಫಾಲ್ಟ್, ಹಳೆಯ ಆವೃತ್ತಿಯಲ್ಲಿ ನೀವೇ ಹಾಕಬೇಕು. ಡಿಎನ್‌ಎಸ್ ಮಾಡ್ಯೂಲ್‌ನ ರಿಸಾಲ್ವ್ ಕರೆಗಳು ಪೂಲ್ ಮುಟ್ಟುವುದಿಲ್ಲ, ಹೋಸ್ಟ್ಸ್ ಫೈಲನ್ನೂ ನೋಡುವುದಿಲ್ಲ. ಕುಬರ್ನೆಟಿಸ್‌ನಲ್ಲಿ ಎನ್‌ಡಾಟ್ಸ್ 5 (ಐದಕ್ಕಿಂತ ಕಡಿಮೆ ಚುಕ್ಕಿಯ ಹೆಸರಿಗೆ ಮೊದಲು ಒಳಗಿನ ಡೊಮೇನ್‌ಗಳನ್ನು ಸೇರಿಸಿ ಹುಡುಕುವ ನಿಯಮ) ಇರುವುದರಿಂದ ಹೊರಗಿನ ಒಂದು ಹೆಸರಿಗೆ ಹಲವು ವ್ಯರ್ಥ ಪ್ರಶ್ನೆ ಹೋಗುತ್ತವೆ, ಹೆಸರಿನ ಕೊನೆಗೆ ಚುಕ್ಕಿ ಇಟ್ಟರೆ ಅವು ತಪ್ಪುತ್ತವೆ.

ಮೆಮೊರಿ ಗ್ರಾಫ್ ನೋಡುವಾಗ ವಿ8 ಹೀಪ್ (ಜಾವಾಸ್ಕ್ರಿಪ್ಟ್ ಎಂಜಿನ್‌ನ ಮೆಮೊರಿ) ಒಂದನ್ನೇ ನೋಡಬೇಡಿ. ಪ್ರತಿ ಇನ್‌ಫ್ಲೇಟ್ ಸ್ಟ್ರೀಮ್‌ಗೆ 32 ಕೆಬಿ ವಿಂಡೋ ಮತ್ತು ಸುಮಾರು 7 ಕೆಬಿ ಇತರೆ, ಎಲ್ಲವೂ ಹೀಪ್‌ನ ಹೊರಗೆ. 5000 ಸ್ಟ್ರೀಮ್ ತೆರೆದಿದ್ದರೆ ಔಟ್‌ಪುಟ್ ಬಫರ್ ಬಿಟ್ಟೇ 200 ಎಂಬಿ ಹತ್ತಿರ. ಹೀಪ್ ಸಮತಟ್ಟಾಗಿದ್ದು ಆರ್‌ಎಸ್‌ಎಸ್ (ಪ್ರಾಸೆಸ್ ಹಿಡಿದಿರುವ ಒಟ್ಟು ಮೆಮೊರಿ) ಏರುತ್ತಿದ್ದರೆ ಇಲ್ಲಿ ಹುಡುಕಿ. ಮಿತಿ ಹಾಕಿದ ಮೇಲೆ ಈ ಸಮಸ್ಯೆ ಸಾಮಾನ್ಯವಾಗಿ ತಾನಾಗಿ ಕರಗುತ್ತದೆ.

ಝಡ್‌ಸ್ಟ್ಯಾಂಡರ್ಡ್, ಮತ್ತು ಬೇರೆ ರನ್‌ಟೈಮ್‌ಗಳು

ಇಷ್ಟಾದ ಮೇಲೂ ಪೂಲ್ ಥ್ರೆಡ್‌ಗಳು ಆರ್ ಸ್ಥಿತಿಯಲ್ಲಿ ತುಂಬಿದ್ದು, ಕೋರ್‌ಗಳು ನಿಜಕ್ಕೂ ಸಾಲದಿದ್ದರೆ ಫಾರ್ಮ್ಯಾಟ್ ಬದಲಿಸುವ ಮಾತು ಬರಲಿ. ಝಡ್‌ಸ್ಟ್ಯಾಂಡರ್ಡ್ ಬಿಚ್ಚುವುದು ಗ್ಜಿಪ್‌ಗಿಂತ ಹಲವು ಪಟ್ಟು ವೇಗ, ನೋಡ್ 22.15ರಿಂದ ಅದು ಜೆಡ್‌ಲಿಬ್ ಮಾಡ್ಯೂಲ್‌ನಲ್ಲೇ ಇದೆ. ಅದೂ ಇದೇ ಪೂಲ್ ಬಳಸುತ್ತದೆ. ಒಂದು ಗ್ಜಿಪ್ ಬಾಡಿಯನ್ನು ಹಲವು ಥ್ರೆಡ್‌ಗೆ ಹಂಚುವ ಆಸೆ ಬಿಡಿ. ಪ್ರತಿ ಬೈಟ್ ಹಿಂದಿನ 32 ಕೆಬಿಯನ್ನು ಆಧರಿಸಿರಬಹುದಾದ್ದರಿಂದ ಸರಪಳಿಯನ್ನು ಸುಲಭವಾಗಿ ಕತ್ತರಿಸಲಾಗದು. ಕಂಪ್ರೆಸ್ ಮಾಡುವಾಗ ಎಲ್ಲ ಕೋರ್ ಬಳಸುವ ಪಿಗ್ಜಿಪ್ ಕೂಡ ಬಿಚ್ಚುವಾಗ ಆ ಕೆಲಸವನ್ನು ಒಂದೇ ಥ್ರೆಡ್‌ನಲ್ಲಿ ಮಾಡುತ್ತದೆ, ಓದು, ಬರಹ, ಚೆಕ್‌ಸಮ್ ಮಾತ್ರ ಬೇರೆ ಥ್ರೆಡ್‌ಗಳಿಗೆ.

ಜಾವಾದಲ್ಲಿ ಗ್ಜಿಪ್‌ಇನ್‌ಪುಟ್‌ಸ್ಟ್ರೀಮ್‌ನ ಡೀಫಾಲ್ಟ್ ಬಫರ್ ಬರೀ 512 ಬೈಟ್, ಕನ್‌ಸ್ಟ್ರಕ್ಟರ್‌ನಲ್ಲಿ 32 ಕೆಬಿ ಅಥವಾ 64 ಕೆಬಿ ಕೊಡಿ. ಡಾಟ್‌ನೆಟ್‌ನಲ್ಲಿ ನೆಟ್‌ವರ್ಕ್ ಸ್ಟ್ರೀಮ್ ಮೇಲೆ ಜಿಜಿಪ್‌ಸ್ಟ್ರೀಮ್‌ನ ಸಿಂಕ್ ರೀಡ್ ಕರೆದರೆ ಪೂಲ್ ಥ್ರೆಡ್ ನೆಟ್‌ವರ್ಕ್‌ಗಾಗಿ ಕಟ್ಟಿಹೋಗುತ್ತದೆ. ಹೊಸ ಥ್ರೆಡ್‌ಗಳು ನಿಧಾನವಾಗಿ ಸೇರುವುದರಿಂದ ಹಠಾತ್ ಲೋಡ್‌ಗೆ ಸರ್ವರ್ ಬಹಳ ಹೊತ್ತು ತೆವಳುತ್ತದೆ. ರೀಡ್‌ಅಸಿಂಕ್ ಬಳಸಿ.

ಸರಿಪಡಿಸಿದ್ದನ್ನು ಪರೀಕ್ಷಿಸುವಾಗ ಒಂದು ಎಚ್ಚರ. ಲೋಡ್ ಟೆಸ್ಟ್‌ಗೆ ಒಂದೇ ಸಾಲನ್ನು ಸಾವಿರ ಸಲ ನಕಲಿಸಿ ಬಾಡಿ ತಯಾರಿಸಬೇಡಿ. ಅಂಥ ಡೇಟಾದಲ್ಲಿ ಉದ್ದುದ್ದ ಪುನರಾವರ್ತನೆ ಸಿಗುವುದರಿಂದ ಬಿಚ್ಚುವ ವೇಗ ವಾಸ್ತವಕ್ಕಿಂತ ಬಹಳ ಹೆಚ್ಚು ಬರುತ್ತದೆ, ಸ್ಟೇಜಿಂಗ್‌ನಲ್ಲಿ ಎಲ್ಲವೂ ಹಸಿರು ಕಾಣುತ್ತದೆ. ಪ್ರೊಡಕ್ಷನ್‌ನ ನಿಜವಾದ ಬಾಡಿಗಳನ್ನು ಹಿಡಿದು, ಗ್ರಾಹಕರ ವಿವರ ಅಳಿಸಿ, ಸಣ್ಣದು ದೊಡ್ಡದು ಬಂದ ಅನುಪಾತದಲ್ಲೇ ಮತ್ತೆ ಓಡಿಸಿ. ಅದೇ ಹೊತ್ತಿಗೆ ಹೊರಗಿನ ಒಂದು ಸೇವೆಗೆ ಕೀಪ್‌ಅಲೈವ್ ಇಲ್ಲದ ಕರೆಯನ್ನೂ ಸೆಕೆಂಡಿಗೊಂದರಂತೆ ಬಿಡಿ. ಸಾಕೆಟ್‌ನ ಲುಕಪ್ ಇವೆಂಟ್ ಬರಲು ಹಿಡಿದ ಸಮಯ ಲೋಡ್ ಇಲ್ಲದಾಗ ಇದ್ದಷ್ಟೇ ಇದ್ದರೆ ಟಿಕೆಟ್ ಮುಚ್ಚಬಹುದು.